ದೊರೆಯ ಮನೆಯಲ್ಲಿ ಬೆಂದ ಬೇಳೆ

ಸೋಡಾ ಹಾಕಿ ಬೇಯಿಸಿದ ತೊಗರಿಬೇಳೆಗೆ ಒಂದು ವಾಸನೆ ಇರುತ್ತದೆ. ಹಸಿ ಸುಣ್ಣದ ಗೋಡೆಯ ಹತ್ತಿರ ನಿಂತಂತೆ, ಆದರೆ ಅಷ್ಟು ಖಾರವಾಗಿ ಅಲ್ಲ. ಸವುಳು ನೀರಿನ ಊರುಗಳಲ್ಲಿ ಬೆಳೆದವರಿಗೆ ಅದು ಮನೆಯ ವಾಸನೆ. ಆ ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಒಡೆಯುವುದಿಲ್ಲ. ಒಂದು ಚಿಟಿಕೆ ಸೋಡಾ ಬೀಳಲೇಬೇಕು. ಕುಷ್ಟಗಿಯಲ್ಲಿ ನಮ್ಮ ಅವ್ವ ಜೀವನವಿಡೀ ಹಾಗೆಯೇ ಬೇಳೆ ಬೇಯಿಸಿದಳು. ಕಳೆದ ತಿಂಗಳು ಯಲಬುರ್ಗಾದ ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ತಾಟಿನ ಮುಂದೆ ಕುಳಿತಾಗ ಅದೇ ವಾಸನೆ ಬಂತು. ಕುಡಿಯಲು ಕ್ಯಾನಿನ ನೀರು ಇಟ್ಟಿದ್ದರು, ಅಡುಗೆಗೆ ಮಾತ್ರ ಇನ್ನೂ ಬೋರಿನ ನೀರು. ರೊಟ್ಟಿ ಮುರಿಯುವ ಮೊದಲೇ 1998ರ ಬೇಸಿಗೆ ನೆನಪಾಯಿತು. ಆ ಬೇಸಿಗೆಯಲ್ಲಿ ಒಬ್ಬ ದೊರೆಯ ಜೊತೆ ಮೂರು ಸಲ ಊಟ ಮಾಡಿದ್ದೆ.

ಅದರ ಹಿಂದಿನ ವರ್ಷ ಕೊಪ್ಪಳ ಜಿಲ್ಲೆಯಾಗಿತ್ತು. ನಮ್ಮ ಪತ್ರಿಕೆ ನನ್ನನ್ನು ರಾಯಚೂರಿನಿಂದ ಅಲ್ಲಿಗೆ ಕಳಿಸಿತು. ಹೊಸ ಜಿಲ್ಲೆಯ ಅರ್ಧ ಕಚೇರಿಗಳು ಬಾಡಿಗೆ ಮನೆಗಳಲ್ಲಿದ್ದವು. ಒಂದರ ಫಲಕ ನೋಡಿ ಒಳಗೆ ಹೋದರೆ ಇನ್ನೊಂದರ ಗುಮಾಸ್ತ ಕುಳಿತಿರುತ್ತಿದ್ದ. ನನ್ನ ಕಚೇರಿ ಎಂದರೆ ಒಂದು ಕೋಣೆ, ಒಂದು ಮೇಜು, ಪಕ್ಕದ ಎಸ್‌ಟಿಡಿ ಬೂತಿನ ಫೋನು. ಸುದ್ದಿಯನ್ನು ಕೈಬರಹದಲ್ಲಿ ಬರೆದು ಕವರಿಗೆ ಹಾಕಿ ಹುಬ್ಬಳ್ಳಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆ. ಸಂಜೆ ಐದರ ಬಸ್ಸು ತಪ್ಪಿದರೆ ಆ ದಿನದ ಸುದ್ದಿಯೂ ತಪ್ಪುತ್ತಿತ್ತು.

ದೊರೆಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅವರು ಈಗ ಇಲ್ಲ, ಮನೆತನದವರು ಇದ್ದಾರೆ. ಯಲಬುರ್ಗಾ ತಾಲೂಕಿನ ಒಂದು ಊರು ಎಂದರೆ ಸಾಕು. ನಿಜಾಮನ ಕಾಲದಲ್ಲಿ ಸುತ್ತಲಿನ ಹಳ್ಳಿಗಳು ಅವರ ಅಜ್ಜನ ಕೈಯಲ್ಲಿದ್ದವು. ಇವರ ಪಾಲಿಗೆ ಉಳಿದದ್ದು ಒಂದು ವಾಡೆ, ಸ್ವಲ್ಪ ಎರೆಹೊಲ, ಮತ್ತು ಊರವರ ಬಾಯಲ್ಲಿ ‘ದೊರಿಗಳು’ ಎಂಬ ಹೆಸರು. ಅವರ ಬಗ್ಗೆ ಎರಡು ಮಾತುಗಳು ಮೊದಲಿನಿಂದ ಇದ್ದವು. ಊರ ಶಾಲೆಗೆ ಹೊಲ ಬಿಟ್ಟುಕೊಟ್ಟ ಧರ್ಮಾತ್ಮ ಎಂದು ಕೆಲವರು. ಕಾಲ ಬದಲಾದದ್ದು ಗೊತ್ತಾಗದ ಸೊಕ್ಕಿನ ಮನುಷ್ಯ ಎಂದು ಹಲವರು. ಎರಡನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ, ಯಾವುದನ್ನೂ ನಂಬಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಬೇರೊಂದು ಸುದ್ದಿಗಾಗಿ ಕೊಪ್ಪಳದ ಆಸ್ಪತ್ರೆಗೆ ಹೋಗಿದ್ದೆ. ಹೊರಗಿನ ಬೇವಿನ ನೆರಳಲ್ಲಿ ಒಬ್ಬ ಹೆಣ್ಣುಮಗಳು ನಾಲ್ಕೈದು ವರ್ಷದ ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ನಿಂತಿದ್ದಳು. ಮಗುವಿನ ಮೊಣಕಾಲುಗಳು ಒಳಗೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. ಕೈಯಲ್ಲಿ ಪುಸ್ತಕ ಕಂಡು ಅವಳೇ ಮಾತಾಡಿಸಿದಳು.

“ಪೇಪರಿನವ್ರೇನ್ರಿ?”

“ಹೌದವ್ವ.”

“ಹಂಗಾರ ಬರಕೋರ್ರಿ. ನಮ್ಮೂರಾಗ ಸಿಹಿನೀರಿನ ಬಾವಿ ಐತಿ. ಕೀಲಿ ಹಾಕ್ಯಾರ.”

“ಯಾರು ಹಾಕ್ಯಾರ?”

“ದೊರಿಗಳು.”

“ಯಾಕ?”

“ನಾವು ಇಳದ್ವಿ ಅಂತ.”

ಅವಳ ಹೆಸರು ದುರ್ಗವ್ವ. ಗಂಡ ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಕೂಲಿ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಅವರ ಮನೆ ಇದ್ದದ್ದು ಕೇರಿಯಲ್ಲಿ, ಎಂದರೆ ದಲಿತರ ಓಣಿಯಲ್ಲಿ. ಮಗಳ ಹೆಸರು ಹುಲಿಗೆಮ್ಮ. ವೈದ್ಯರನ್ನು ಕೇಳಿದೆ. ಬೋರಿನ ನೀರಿನಲ್ಲಿರುವ ಫ್ಲೋರೈಡಿನಿಂದ ಎಲುಬು ಬಾಗುತ್ತಿದೆ, ಔಷಧಿಯಿಲ್ಲ, ಎಳೆಯ ಎಲುಬು ಇರುವಾಗಲೇ ನೀರು ಬದಲಾದರೆ ನೆಟ್ಟಗಾಗಬಹುದು, ತಡವಾದಷ್ಟೂ ಕಷ್ಟ ಎಂದರು. ದುರ್ಗವ್ವನಿಗೆ ಇದನ್ನು ಆಗಲೇ ಹೇಳಿದ್ದರು. ಅವಳಿಗೆ ಬೇಕಾದ ಔಷಧಿ ಅವಳ ಮನೆಯಿಂದ ಇನ್ನೂರು ಹೆಜ್ಜೆಯಲ್ಲಿತ್ತು, ಕೀಲಿ ಹಾಕಿದ ಬಾಗಿಲಿನ ಹಿಂದೆ.

ಹುಬ್ಬಳ್ಳಿಯ ಮುಖ್ಯ ವರದಿಗಾರರಿಗೆ ಫೋನು ಮಾಡಿದೆ. “ಒಬ್ರು ಹೇಳಿದ್ರ ಅದು ದೂರು. ಎರಡೂ ಕಡೆ ಕೇಳಿದ್ರ ಸುದ್ದಿ. ದೊರಿ ಏನಂತಾರ?” ಎಂದರು.

ದೊರೆಗೆ ಕಾಗದ ಬರೆದೆ. ವಾರದೊಳಗೆ ಪೋಸ್ಟ್ ಕಾರ್ಡಿನಲ್ಲಿ ಉತ್ತರ ಬಂತು: ಭಾನುವಾರ ಮಧ್ಯಾಹ್ನ ಊಟಕ್ಕೆ ಬರಬೇಕು, ಊಟವಾದ ಮೇಲೆ ಏನು ಬೇಕಾದರೂ ಕೇಳಬಹುದು. ಯಾರ ಬಗ್ಗೆ ಬರೆಯುತ್ತೇವೋ ಅವರ ಮನೆಯಲ್ಲಿ ಉಣ್ಣಬಾರದೆಂಬುದು ನಾನೇ ಹಾಕಿಕೊಂಡಿದ್ದ ನಿಯಮ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಜಂತೆ ಎಣಿಸುವುದೇ ನಮ್ಮ ಕಸುಬು. ಆದರೆ ಆ ವಾಡೆಯಲ್ಲಿ ಉಣ್ಣದವರ ಜೊತೆ ದೊರೆ ಮಾತಾಡುವುದಿಲ್ಲವೆಂದು ತಿಳಿಯಿತು. ಹೋದೆ.

ಕುಕನೂರಿನ ಮೇಲೆ ಹೋಗುವ ಬಸ್ಸು ಹತ್ತೂವರೆಗೆ ಇಳಿಸಿತು. ಆಗಲೇ ನೆಲ ಸುಡುತ್ತಿತ್ತು. ಬಾವಿ ವಾಡೆಯ ಗೋಡೆಗೆ ಆತುಕೊಂಡೇ ಇತ್ತು. ಕಲ್ಲಿನ ಪಾವಟಿಗೆಗಳು ಕೆಳಗಿಳಿಯುವ ಹಳೆಯ ಬಾವಿ. ಓಣಿಯ ಕಡೆಗೆ ಕಟ್ಟಿಗೆಯ ಎರಡು ಬಾಗಿಲು, ಅವುಗಳ ಮೇಲೆ ಅಂಗೈಯಗಲದ ಕೀಲಿ. ಸಂದಿಯಿಂದ ಇಣುಕಿದೆ. ನೀರಿತ್ತು.

ದೊರೆಗೆ ಆಗ ಅರವತ್ತೈದು ದಾಟಿತ್ತು. ಎತ್ತರದ ಆಳು, ಒಗೆದು ಒಗೆದು ತೆಳುವಾದ ಬಿಳಿ ಅಂಗಿ, ಧೋತರ. ಪಡಸಾಲೆಯಲ್ಲಿ ಎರಡು ಮಣೆ ಹಾಕಿದ್ದರು. ನನ್ನ ತಾಟಿಗೆ ತುಪ್ಪ ತಾವೇ ಬಡಿಸಿದರು. ನಾನು ಮೊದಲ ತುತ್ತು ಎತ್ತುವವರೆಗೆ ತಮ್ಮ ತಾಟು ಮುಟ್ಟಲಿಲ್ಲ. ಅದು ಆ ಮನೆಯ ಪದ್ಧತಿಯಂತೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಆಮೇಲೆ ಗಂಗಾವತಿಯ ಅಕ್ಕಿಯ ಅನ್ನ, ಅದರ ಮೇಲೆ ಬೇಳೆ. ಬಡಿಸುವವನು ಕಾರಭಾರಿ ಗುಂಡಪ್ಪ; ವಾಡೆಯ ಲೆಕ್ಕ, ಅಡುಗೆ, ಆಳುಗಳು ಎಲ್ಲವೂ ಅವನ ಉಸ್ತುವಾರಿ. ದೊರೆಯ ಹೆಂಡತಿ ಬಾಯಿಸಾಹೇಬರು ಪಡಸಾಲೆಗೆ ಬರಲಿಲ್ಲ.

“ಕೇಳ್ರಿ ಈಗ,” ಎಂದರು ದೊರೆ, ಕೈ ತೊಳೆಯುವ ಮೊದಲೇ.

“ಹೋದ ವರ್ಷ ಕೇರಿಯ ಹೆಣ್ಣಮಕ್ಕಳು ಬಾವಿಗೆ ಇಳದ ದಿನಾನ ತಾವು ಕೀಲಿ ಹಾಕಿಸಿದಿರಿ ಅಂತ ಹೇಳ್ತಾರ್ರಿ. ಖರೇ ಏನು?”

“ಖರೇ.”

ಅಷ್ಟು ನೇರವಾದ ಉತ್ತರ ನಿರೀಕ್ಷಿಸಿರಲಿಲ್ಲ. ಪೆನ್ನು ತೆಗೆಯುವಷ್ಟರಲ್ಲಿ ಅವರೇ ಮುಂದುವರಿಸಿದರು.

“ಅವರು ಇಳದ್ರು. ಮ್ಯಾಲಿನ ಓಣಿಯವರು ಬಡಿಗಿ ತಗೊಂಡು ಬಂದ್ರು. ಹೆಣ ಬೀಳತಿತ್ತು ಆವತ್ತು. ನಾ ಎರಡೂ ಕಡಿಯವರನ್ನ ಹೊರಗ ಹಾಕಿ ಕೀಲಿ ಹಾಕಿದೆ. ಎಲ್ಲಾರಿಗೂ ಕೊಡಾಕ ಆಗದಿದ್ರ ಯಾರಿಗೂ ಬ್ಯಾಡ. ಇದರಾಗ ಅನ್ಯಾಯ ಏನೈತಿ ನೀವ ಹೇಳ್ರಿ.”

“ವಾಡೇಕ್ಕ ನೀರು?”

“ನಾವೂ ಬೋರಿನ ನೀರ ಕುಡೀತೀವಿ. ನಾಲಿಗಿಗೆ ಸುಳ್ಳು ಹತ್ತಿಲ್ರಿ ಈ ಮನಿಯಾಗ. ನಮ್ಮಪ್ಪ ಬ್ಯಾರೆ ಏನ ಕಲಿಸಿದ್ರೋ ಬಿಟ್ರೋ, ಇದೊಂದು ಕಲಿಸ್ಯಾರ.”

ಅವರ ಮುಖದಲ್ಲಿ ಅಂಜಿಕೆ ಇರಲಿಲ್ಲ. ಆದರೆ ನನ್ನ ತಾಟಿನಲ್ಲಿದ್ದ ಬೇಳೆ ಬೆಣ್ಣೆಯಂತೆ ಕರಗಿತ್ತು. ಬಗ್ಗಿ ಮೂಸಿದೆ. ತುಪ್ಪ, ಬೆಳ್ಳುಳ್ಳಿ, ಇಂಗು. ಸೋಡಾದ ವಾಸನೆ ಇರಲಿಲ್ಲ. ಗುಂಡಪ್ಪ ನನ್ನನ್ನು ನೋಡಿದ, ಆಮೇಲೆ ಬೇರೆ ಕಡೆ ನೋಡಿದ.

ಮರುದಿನ ಫೋನಿನಲ್ಲಿ ಮುಖ್ಯ ವರದಿಗಾರರು ನಕ್ಕರು. “ದೊರಿ ಮನಿಯಾಗ ಬ್ಯಾಳಿ ಬೆಂದಿತ್ತು ಅಂತ ಮುಖಪುಟಕ್ಕ ಹಾಕೂಣೇನು? ನಿಮ್ಮವ್ವ ಸಾಕ್ಷಿ ಹೇಳ್ತಾಳೇನು? ಕಣ್ಣೀಲೆ ನೋಡು ಮಾರಾಯ.”

ನೋಡಲು ಹೋದೆ. ಆ ಊರಿಗೆ ಒಂದು ವಸ್ತಿ ಬಸ್ಸಿತ್ತು. ಸಂಜೆ ಬಂದು ಅಲ್ಲೇ ತಂಗಿ ಬೆಳಿಗ್ಗೆ ಹೊರಡುವುದು. ಅದರಲ್ಲಿ ಹೋಗಿ ಅದರ ಸೀಟಿನ ಮೇಲೆಯೇ ಮಲಗಿ, ಬೆಳಕು ಹರಿಯುವ ಹೊತ್ತಿಗೆ ವಾಡೆಯ ಹಿಂಭಾಗದ ಕಣದಲ್ಲಿ ಹೋಗಿ ನಿಂತೆ. ಹಿತ್ತಲ ಗೋಡೆಯಲ್ಲಿ ಬಾವಿಗೆ ಇಳಿಯುವ ಸಣ್ಣ ಬಾಗಿಲೊಂದಿತ್ತು. ಗುಂಡಪ್ಪ ಅದರ ಕೀಲಿ ತೆಗೆದ. ಇಬ್ಬರು ಆಳುಗಳು ಹಿತ್ತಾಳೆ ಕೊಡಗಳನ್ನು ತುಂಬಿ ಅಡುಗೆಮನೆಗೆ ಒಯ್ದರು. ಎಂಟು ಕೊಡ. ಮತ್ತೆ ಕೀಲಿ ಬಿತ್ತು. ಸಮಯ, ಆಳುಗಳ ಹೆಸರು, ಕೊಡಗಳ ಲೆಕ್ಕ ಬರೆದುಕೊಂಡೆ. ಒಂದು ವಾರ ಬಿಟ್ಟು ಇನ್ನೊಂದು ಬೆಳಿಗ್ಗೆ ನೋಡಿದೆ. ಮತ್ತೆ ಎಂಟು ಕೊಡ.

ದೊರೆ ಸುಳ್ಳುಗಾರ ಎಂದು ಆ ಬೆಳಿಗ್ಗೆ ನಿರ್ಧರಿಸಿದೆ. ಅದನ್ನು ಅವರ ಮುಖಕ್ಕೇ ಹೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳುವುದು ಬಾಕಿ ಇತ್ತು. ಮಧ್ಯಾಹ್ನ ಊಟಕ್ಕೆ ಬರುವುದಾಗಿ ವಾಡೆಗೆ ಹೇಳಿ ಕಳಿಸಿ, ಅಲ್ಲಿಯವರೆಗೆ ದುರ್ಗವ್ವನ ಮನೆಯ ಕಟ್ಟೆಯ ಮೇಲೆ ಕುಳಿತೆ. ಹುಲಿಗೆಮ್ಮ ಗೋಡೆ ಹಿಡಿದು ಓಡಾಡುತ್ತಿದ್ದಳು. ಆಸ್ಪತ್ರೆಯಲ್ಲಿ ನೋಡಿದ್ದಕ್ಕಿಂತ ನಡಿಗೆ ಕೆಟ್ಟಿತ್ತು.

“ಏನಂತ ಕೇಳಾವ್ರಿ ಅವರನ್ನ?” ಎಂದಳು ದುರ್ಗವ್ವ.

ಹೇಳಿದೆ.

“ಮಾತಿಗೆ ಮಾತು ಭಾಳ ಅದಾವ್ರಿ ದೊರಿಗಳ ಹತ್ರ. ನೀವು ಒಂದು ಕೇಳಿದ್ರ ಅವರು ಹತ್ತು ಹೇಳ್ತಾರ.” ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಪಕ್ಕ ಇಟ್ಟಳು. “ಇದು ನಮ್ಮ ಬ್ಯಾಳಿ. ಸೋಡಾ ಹಾಕಿಲ್ಲ. ಇದನ್ನ ತಿನ್ನಂತ ಹೇಳ್ರಿ. ಹಲ್ಲಿಗೆ ಮಾತು ಬರಂಗಿಲ್ಲ.”

“ಕೇರಿಯ ಮನಿ ಊಟ ಅವರು ಮುಟ್ಟತಾರೇನು?”

“ಮುಟ್ಟದಿದ್ರ ಅದನ್ನ ಬರಕೋರ್ರಿ. ಅದಕ್ಕರ ಪೆನ್ನು ಐತಲ್ಲ?”

ಸುದ್ದಿ ಬರೆಯುವವನು ಸುದ್ದಿ ಮಾಡಬಾರದು. ಇದು ಗೊತ್ತಿದ್ದೂ ಡಬ್ಬಿ ತೆಗೆದುಕೊಂಡೆ. ಆ ಹುಡುಗಿಯ ನಡಿಗೆ ನೋಡದೇ ಇದ್ದಿದ್ದರೆ ಬಹುಶಃ ತೆಗೆದುಕೊಳ್ಳುತ್ತಿರಲಿಲ್ಲ.

ಮಣೆಯ ಮೇಲೆ ಕುಳಿತ ಕೂಡಲೇ ಡಬ್ಬಿಯನ್ನು ದೊರೆಯ ಮುಂದೆ ಇಟ್ಟೆ. ಇದು ಕೇರಿಯ ದುರ್ಗವ್ವನ ಮನೆಯದು, ಬೋರಿನ ನೀರಿನಲ್ಲಿ ಬೇಯಿಸಿದ್ದು ಎಂದು ಮೊದಲೇ ಹೇಳಿದೆ. ಗುಂಡಪ್ಪ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಮುಂದೆ ಬಂದ.

“ಏ ಸಾಹೇಬ್ರ, ಏನ್ ತಂದೀರಿ ಇದನ್ನ! ಎತ್ರಿ ಮೊದಲ!”

“ನೀ ಸುಮ್ನಿರು,” ಎಂದರು ದೊರೆ. ಮುಚ್ಚಳ ತೆಗೆದು ಅನ್ನದ ಮೇಲೆ ಸುರುವಿಕೊಂಡರು. ನೀರು ಬೇರೆ, ಬೇಳೆ ಬೇರೆ ಹರಿಯಿತು. ನನ್ನ ಕಡೆ ನೋಡಿದರು. ನಾನಿನ್ನೂ ತುತ್ತು ಎತ್ತಿರಲಿಲ್ಲ, ಎತ್ತಿದೆ. ಆಮೇಲೆ ಅವರೂ ಎತ್ತಿದರು. ನಿಧಾನಕ್ಕೆ ಅಗಿದರು. ಪಡಸಾಲೆಯಲ್ಲಿ ಬೇಳೆ ಹಲ್ಲಿಗೆ ಸಿಗುವ ಸದ್ದು ಕೇಳಿಸುತ್ತಿತ್ತು. ಒಂದು ತುತ್ತು ರುಚಿ ನೋಡಿ ಬಿಡುತ್ತಾರೆಂದುಕೊಂಡಿದ್ದೆ. ಡಬ್ಬಿಯಲ್ಲಿದ್ದಷ್ಟನ್ನೂ ತಿಂದರು. ಆಮೇಲೆ ತಮ್ಮ ಮನೆಯ ಬೇಳೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಬೆರಳನ್ನೇ ದಿಟ್ಟಿಸುತ್ತ ಕುಳಿತರು.

“ಗುಂಡಪ್ಪ, ನಮ್ಮ ಬ್ಯಾಳಿ ಯಾವ ನೀರಾಗ ಬೇಯತೈತಿ?”

ಗುಂಡಪ್ಪ ರೊಟ್ಟಿಗಳ ಮೇಲೆ ಅರಿವೆ ಹೊದಿಸತೊಡಗಿದ.

“ನಿನ್ನನ್ನ ಕೇಳಿದ್ದು.”

“ಹಿತ್ತಲ ಬಾಗಲದಿಂದ ಎಂಟು ಕೊಡ ತರಸ್ತೀನ್ರಿ. ತಮಗ ಸವುಳು ನೀರು ತಡೀತಿರಲಿಲ್ರಿ. ಬಾಯಿಸಾಹೇಬ್ರಿಗೂ ಹೊಟ್ಟಿ ಸರಿ ಇರಂಗಿಲ್ಲ. ತಮಗ ಹೇಳಿದ್ರ ಬ್ಯಾಡ ಅಂತೀರಂತ...”

“ಒಂದು ವರ್ಷ ನನ್ನ ಬಾಯಿಂದ ಸುಳ್ಳು ಹೇಳಿಸೀದಿ.”

ದನಿ ಏರಲಿಲ್ಲ. ಕೈ ತೊಳೆದು, ಹಿತ್ತಲಿಗೆ ನಡೆದು, ಆ ಸಣ್ಣ ಬಾಗಿಲಿನ ಕೀಲಿಕೈ ಇಸಿದುಕೊಂಡರು. ಮುಂಬಾಗಿಲಿನದನ್ನೂ ತರಿಸಿದರು. ಎರಡನ್ನೂ ಉಡದಾರಕ್ಕೆ ಸಿಕ್ಕಿಸಿಕೊಂಡು, “ಇವತ್ತಿನಿಂದ ವಾಡೇಕ್ಕೂ ಬೋರಿನ ನೀರು. ಯಾರಿಗಾದ್ರೂ ತಡೀದಿದ್ರ ತವರಿಗೆ ಹೋಗಲಿ,” ಎಂದರು. ಆಮೇಲೆ ನನಗೆ: “ಬರಕೋರ್ರಿ. ನಾ ನಿಮಗ ಸುಳ್ಳು ಹೇಳಿದ್ದೆ. ಗೊತ್ತಿರಲಿಲ್ಲ ಅಂತ ಸೇರಸಬ್ಯಾಡ್ರಿ. ನನ್ನ ಮನಿ ನೀರು ನನಗ ಗೊತ್ತಿರಬೇಕಿತ್ತು.”

ಎಷ್ಟೋ ದೊಡ್ಡವರ ಮನೆಗಳಲ್ಲಿ ಕುಳಿತಿದ್ದೇನೆ. ಸಿಕ್ಕಿಬಿದ್ದಾಗ ಹಾಗೆ ಮಾತಾಡಿದವರನ್ನು ನೋಡಿಲ್ಲ. ಹೊರಗೆ ಬಂದಾಗ ನನ್ನ ತಲೆಯಲ್ಲಿ ತಲೆಬರಹ ಸಿದ್ಧವಾಗಿತ್ತು: ನುಡಿದಂತೆ ನಡೆದ ದೊರೆ. ಎರಡು ಹೊತ್ತು ಉಂಡದ್ದಕ್ಕೆ ನನ್ನ ತೀರ್ಪು ಬೆಂದುಹೋಗಿತ್ತು. ಅದು ನನಗೆ ತಿಳಿದದ್ದು ಖಾಲಿ ಡಬ್ಬಿ ಮರಳಿಸಲು ಕೇರಿಗೆ ಹೋದಾಗ. ನಡೆದದ್ದನ್ನೆಲ್ಲ ದುರ್ಗವ್ವನಿಗೆ ಹುರುಪಿನಿಂದ ಹೇಳಿದೆ. ಅವಳು ಡಬ್ಬಿಯನ್ನು ತಿರುಗಿಸಿ ನೋಡಿದಳು.

“ಎಲ್ಲಾ ತಿಂದ್ರೇನ್ರಿ?”

“ಎಲ್ಲಾ.”

“ಛಲೋ ಆತು. ಈಗ ಬಾವಿ?”

“ಬಾವಿಗೆ ಕೀಲಿ ಐತಿ. ಆದ್ರ ಇನ್ನ ಮ್ಯಾಲ ವಾಡೇದಾಗೂ ಬೋರಿನ ನೀರ ಕುಡೀತಾರ.”

ದುರ್ಗವ್ವ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಶಾಲೆಯಲ್ಲಿ ಪಾಠ ಒಪ್ಪಿಸಲು ಬಾರದವನನ್ನು ಮಾಸ್ತರರು ನೋಡುವಂತೆ.

“ಅವರು ಸವುಳು ಕುಡದ್ರ ನಮ್ಮ ಹುಡುಗಿ ಕಾಲು ನೆಟ್ಟಗ ಆಗತಾವೇನ್ರಿ ಸಾಹೇಬ್ರ?”

ಕೊಪ್ಪಳಕ್ಕೆ ಮರಳಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಬರೆದೆ. ದೊರೆ ಹೇಳಿದ್ದು, ನಾನು ನೋಡಿದ್ದು, ದೊರೆ ಒಪ್ಪಿಕೊಂಡದ್ದು, ವೈದ್ಯರು ಹೇಳಿದ್ದು. ಕೊನೆಯ ಸಾಲಿನಲ್ಲಿ ದುರ್ಗವ್ವನ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಇಟ್ಟೆ. ಎಲ್ಲೂ ಗುಣವಾಚಕ ಹಾಕಲಿಲ್ಲ. ತಲೆಬರಹ: ಸಿಹಿನೀರಿನ ಬಾವಿಗೆ ವರ್ಷದಿಂದ ಕೀಲಿ. ಐದರ ಬಸ್ಸು ಸಿಕ್ಕಿತು.

ಸುದ್ದಿ ಬಂತು, ಕೀಲಿ ತೆಗೆಯಲಿಲ್ಲ. ತಾಲೂಕಿನ ಅಧಿಕಾರಿಯೊಬ್ಬರನ್ನು ಕೇಳಿದೆ. “ಖಾಸಗಿ ಬಾವಿ. ಒಂದು ಓಣಿಗೆ ಕೊಟ್ಟು ಇನ್ನೊಂದಕ್ಕ ಬಿಟ್ಟಿದ್ರ ಕೇಸ್ ಮಾಡಬಹುದಿತ್ತು. ಈ ಮನಿಶ್ಯಾ ಎಲ್ಲಾರಿಗೂ ಹಾಕ್ಯಾನ, ತನಗೂ ಹಾಕ್ಕೊಂಡಾನ. ಏನಂತ ಬರೀಲಿ?” ಎಂದು ಕೈ ಚೆಲ್ಲಿದರು. ಏಪ್ರಿಲ್ ಮುಗಿಯಿತು. ಊರಿನ ಬೋರಿನಲ್ಲಿ ನೀರು ದಾರದಷ್ಟು ಸಣ್ಣಗಾಯಿತು, ಇನ್ನಷ್ಟು ಸವುಳಾಯಿತು. ವಾಡೆಯಲ್ಲಿ ಬಾಯಿಸಾಹೇಬರು ಹಾಸಿಗೆ ಹಿಡಿದರೆಂದು ಕೇಳಿದೆ. ದೊರೆ ಹಟ ಬಿಡಲಿಲ್ಲ. ತಾನೂ ಅನುಭವಿಸುತ್ತಿದ್ದೇನೆ ಎಂಬುದೇ ಅವರ ಉತ್ತರವಾಗಿತ್ತು, ಮತ್ತು ಅದು ಅವರಿಗೆ ಸಾಕಾಗಿತ್ತು.

ಮೇ ತಿಂಗಳ ಎರಡನೇ ವಾರ ದುರ್ಗವ್ವನ ಗಂಡ ಗಿಣಿಗೇರಾದಿಂದ ಬರುವಾಗ ಕೊಪ್ಪಳದಲ್ಲಿಳಿದು ನನ್ನ ಕೋಣೆಗೆ ಬಂದ. ಕೂಡಲಿಲ್ಲ. “ನಾಳೆ ಹತ್ತಕ್ಕ ಬರಬೇಕಂತ್ರಿ. ಪೆನ್ನು ತರಬೇಕಂತ. ಡಬ್ಬಿ ಬ್ಯಾಡಂತ,” ಎಂದು ಹೇಳಿ ಹೋದ. ಡಬ್ಬಿ ಬೇಡವೆಂದು ಹೇಳಿ ಕಳಿಸಿದ್ದು ನನ್ನನ್ನು ಕಿಚಾಯಿಸಲು.

ಹತ್ತಕ್ಕೆ ನಾನು ಅಲ್ಲಿದ್ದೆ. ಕೇರಿಯ ಹೆಣ್ಣುಮಕ್ಕಳು ಬಾವಿಯ ಮುಂಬಾಗಿಲಿನ ಮುಂದೆ ಸಾಲಾಗಿ ನಿಂತಿದ್ದರು, ಕಂಕುಳಲ್ಲಿ ಕೊಡ. ಗಂಡಸರಿಗೆ ಹತ್ತಿರ ಬರಬೇಡಿರೆಂದು ತಾಕೀತು ಮಾಡಿದ್ದರಂತೆ. ಗಂಡಸರು ಬಂದರೆ ಬಡಿಗೆ ಬರುತ್ತವೆ ಎಂದು. ದುರ್ಗವ್ವನ ಕೈಯಲ್ಲಿ ಕಲ್ಲು ಮೀಟುವ ಹಾರಿ ಇತ್ತು. ಅವಳು ಹಾರಿಯನ್ನು ಕೀಲಿಯ ಕೊಂಡಿಗೆ ಸಿಕ್ಕಿಸಿದಳು. ಮೂರನೆಯ ಸಲಕ್ಕೆ ಕೀಲಿ ಹಾರಿತು. ಯಾರೂ ಕೂಗಲಿಲ್ಲ. ಒಬ್ಬೊಬ್ಬರಾಗಿ ಪಾವಟಿಗೆ ಇಳಿದು, ಕೊಡ ತುಂಬಿ, ಮೇಲೆ ಬಂದರು. ನಾನು ಸಮಯ ಬರೆದುಕೊಂಡೆ.

ಗುಂಡಪ್ಪ ಮೊದಲೇ ಯಾರನ್ನೋ ಯಲಬುರ್ಗಾಕ್ಕೆ ಓಡಿಸಿದ್ದ. ಒಂದು ತಾಸಿನಲ್ಲಿ ಪೊಲೀಸ್ ಜೀಪು ಬಂತು. ಫೌಜದಾರರು ಇಳಿದು ನೆಲದ ಮೇಲಿದ್ದ ಕೀಲಿಯನ್ನು ನೋಡಿದರು, ದುರ್ಗವ್ವನ ಕೈಯಲ್ಲಿದ್ದ ಹಾರಿಯನ್ನು ನೋಡಿದರು. ಅವಳು ಅದನ್ನು ಕೆಳಗಿಟ್ಟಿರಲಿಲ್ಲ. ಮೇಲಿನ ಓಣಿಯವರು ದೂರದಲ್ಲಿ ಗುಂಪುಗೂಡುತ್ತಿದ್ದರು.

“ಕೀಲಿ ಒಡದವರು ಯಾರು?”

ದುರ್ಗವ್ವ ಬಾಯಿ ತೆರೆಯುವಷ್ಟರಲ್ಲಿ ವಾಡೆಯ ದಿಡ್ಡಿ ತೆರೆಯಿತು. ದೊರೆ ಬರಿಗಾಲಿನಲ್ಲಿ ಬಂದರು. ಸವುಳು ನೀರು ಅವರನ್ನೂ ಇಳಿಸಿತ್ತು. ಅಂಗಿ ದೊಡ್ಡದಾಗಿ ಕಾಣುತ್ತಿತ್ತು. ಫೌಜದಾರರು ಸೆಲ್ಯೂಟ್ ಹೊಡೆದು, “ಹೇಳ್ರಿ ದೊರಿಗಳ, ನೀವು ಹೆಸರು ಹೇಳಿದ್ರ ಸಾಕು. ಉಳದದ್ದು ನಮಗ ಬಿಡ್ರಿ,” ಎಂದರು.

ದೊರೆ ಸಾಲಿನತ್ತ ನೋಡಿದರು. ಸಾಲಿನ ಕೊನೆಯಲ್ಲಿ ಹುಲಿಗೆಮ್ಮ ಅಜ್ಜಿಯ ಸೀರೆ ಹಿಡಿದು ನಿಂತಿದ್ದಳು. ಅವರು ಆ ಹುಡುಗಿಯ ಬಗ್ಗೆ ಪತ್ರಿಕೆಯಲ್ಲಿ ಓದಿದ್ದರು, ಕಣ್ಣಿನಿಂದ ನೋಡಿರಲಿಲ್ಲವೆಂದು ಕಾಣುತ್ತದೆ. ಅಜ್ಜಿ ಒಂದು ಹೆಜ್ಜೆ ಮುಂದೆ ಸರಿದಳು, ಹುಡುಗಿಯೂ ಸರಿದಳು. ಆ ಒಂದು ಹೆಜ್ಜೆಗೆ ಅವಳು ಇಡೀ ಮೈ ತಿರುಗಿಸಬೇಕಾಯಿತು. ದೊರೆ ಅದನ್ನು ಪೂರ್ತಿ ನೋಡಿದರು.

“ನಾ ತಗಸೀನಿ,” ಎಂದರು.

“ಒಡದೈತಲ್ರಿ ಕೀಲಿ?”

“ಕೀಲಿಕೈ ಕಳದಿತ್ತು. ಒಡೀರಿ ಅಂತ ನಾನ ಹೇಳಿದೆ.”

ಎರಡೂ ಕೀಲಿಕೈಗಳು ಅವರ ತೆಳು ಅಂಗಿಯ ಕೆಳಗೆ, ಉಡದಾರದಲ್ಲಿ ಎದ್ದು ಕಾಣುತ್ತಿದ್ದವು. ನನಗೆ ಕಂಡವು, ಫೌಜದಾರರಿಗೆ ಕಂಡವು, ಊರಿಗೇ ಕಂಡವು. ಗುಂಡಪ್ಪ ತಲೆ ತಗ್ಗಿಸಿದ. ಫೌಜದಾರರು ಕೊನೆಗೆ ನನ್ನ ಕಡೆ ತಿರುಗಿದರು.

“ನೀವು ಮೊದಲಿಂದ ಇದ್ದೀರಿ. ಪುಸ್ತಕದಾಗ ಎಲ್ಲಾ ಬರದಿರ್ತೀರಿ. ಖರೇ ಏನು ಹೇಳ್ರಿ.”

ಆ ಕಸುಬಿನಲ್ಲಿ ಮೂವತ್ತು ವರ್ಷ ಕಳೆದೆ. ಕಠಿಣವಾದ ಪ್ರಶ್ನೆಗಳನ್ನು ಬಹಳ ಕೇಳಿದ್ದೇನೆ, ನನ್ನನ್ನು ಯಾರೂ ಅಷ್ಟು ಕಠಿಣವಾಗಿ ಕೇಳಿಲ್ಲ. ಪುಸ್ತಕದಲ್ಲಿ ಹಾರಿ ಇತ್ತು, ಮೂರನೆಯ ಪೆಟ್ಟು ಇತ್ತು, ದುರ್ಗವ್ವನ ಹೆಸರು ಇತ್ತು. ಪುಟ ತಿರುಗಿಸಿ, ಆಗಷ್ಟೇ ಬರೆದಿದ್ದ ಕೊನೆಯ ಎರಡು ಸಾಲುಗಳನ್ನು ಮಾತ್ರ ಓದಿದೆ. “ದೊರಿಗಳು ಹೇಳಿದ್ದು: ಕೀಲಿಕೈ ಕಳೆದಿತ್ತು, ಒಡೆಯಿರಿ ಎಂದು ನಾನೇ ಹೇಳಿದೆ.” ಪುಸ್ತಕ ಮುಚ್ಚಿದೆ. ಫೌಜದಾರರು, “ಮಾಲಕರ ತಗಸಿದ ಮ್ಯಾಲ ನಮ್ಮದೇನೈತಿ,” ಎಂದು ಜೀಪು ಹತ್ತಿದರು.

ಮರುದಿನದ ಪತ್ರಿಕೆಯಲ್ಲಿ ಬಂದದ್ದೂ ಅಷ್ಟೇ: ಬಾವಿ ತೆರೆಯಿತು, ದೊರೆ ಪೊಲೀಸರಿಗೆ ಹೀಗೆ ಹೇಳಿದರು. ಅದರಲ್ಲಿ ಸುಳ್ಳಿನ ಒಂದು ಅಕ್ಷರವಿರಲಿಲ್ಲ, ನಡೆದದ್ದೂ ಇರಲಿಲ್ಲ. ನಡೆದದ್ದು ಇಲ್ಲಿದೆ.

ಜೀಪು ಹೋದ ಮೇಲೆ ದುರ್ಗವ್ವ ಹಾರಿಯನ್ನು ಹೆಗಲಿಗೇರಿಸಿದಳು. ದೊರೆಗೆ ಕೇಳುವ ಹಾಗೆಯೇ ಪಕ್ಕದವಳಿಗೆ ಹೇಳಿದಳು: “ಈ ವಯಸ್ಸಿನಾಗ ಸುಳ್ಳು ಹೇಳಾಕ ಕಲತ್ರು ನೋಡ. ಕಲಿಯಾಕ ವಯಸ್ಸಿಲ್ಲ ಅಂತಾರಲ್ಲ, ಖರೇ ಐತಿ.” ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ದೊರೆ ನಗಲಿಲ್ಲ. ನನಗೆ, “ಊಟ ಮಾಡ್ಕೊಂಡು ಹೋಗ್ರಿ,” ಎಂದರು.

ಅದು ಮೂರನೆಯ ಊಟ. ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಮೇಲಿನ ಓಣಿಯ ಹಿರಿಯರು ದಿನವೂ ಆ ಹೊತ್ತಿಗೆ ಎಲೆಯಡಿಕೆಗೆ ಬಂದು ಕೂಡುತ್ತಿದ್ದರು. ಅಂದು ಒಬ್ಬರೂ ಬರಲಿಲ್ಲ. ಆಮೇಲೆ ಒಂದು ತಿಂಗಳು ಬರಲಿಲ್ಲವಂತೆ. ಅವರ ಮನೆಯ ಹೆಂಗಸರು ಮಾತ್ರ ಹತ್ತೇ ದಿನದಲ್ಲಿ ಕೊಡ ಹಿಡಿದು ಬಾವಿಗೆ ಇಳಿದರು, ಕೇರಿಯವರು ತುಂಬಿಕೊಂಡು ಹೋದ ಮೇಲೆ. ಬಿಸಿಲು ಅಷ್ಟು ಕೆಲಸ ಮಾಡಿತು.

ದೊರೆ ಹೆಚ್ಚು ಉಣ್ಣಲಿಲ್ಲ.

“ನನ್ನ ಬಗ್ಗೆ ಛಲೋ ಬರಿಯಬ್ಯಾಡ್ರಿ,” ಎಂದರು. “ಇವತ್ತು ಒಂದು ಮಾತು ಹೇಳೀನಿ ಅಷ್ಟ. ಆ ಹುಡುಗಿಯನ್ನ ನೋಡಾಕ ನನಗ ಇನ್ನೂರು ಹೆಜ್ಜಿ ಇತ್ತು. ನಡೀಲಿಲ್ಲ.”

ಅವರು ಎಂಥ ಮನುಷ್ಯ ಎಂದು ಆಮೇಲೆ ಬಹಳ ಜನ ಕೇಳಿದರು. ಅವರು ತೀರಿಕೊಂಡಾಗ ಪತ್ರಿಕೆಯವರೂ ಕೇಳಿದರು. ಹೊಗಳುವವರಿಗೂ ಬೈಯುವವರಿಗೂ ಬೇಕಾದ ಉತ್ತರ ನನ್ನ ಹತ್ತಿರ ಇರಲಿಲ್ಲ. ಎಲ್ಲರ ಜೊತೆ ಸಮನಾಗಿ ಬೇನೆ ತಿಂದರೆ ಅದೇ ನ್ಯಾಯವೆಂದು ನಂಬಿದ್ದ ಮನುಷ್ಯ. ನಂಬಿಕೆ ತಪ್ಪೆಂದು ಕಂಡ ಕ್ಷಣ ತನ್ನ ಜೀವನದ ಒಂದೇ ಹೆಮ್ಮೆಯನ್ನು ಊರೆದುರು ಬಿಟ್ಟುಕೊಟ್ಟವನು. ಇಷ್ಟನ್ನು ಬರೆದು ನಿಲ್ಲಿಸಿದ್ದೆ. ಅದರಲ್ಲಿ ಏನೋ ಬಿಟ್ಟುಹೋಗಿದೆ ಎಂದು ಗೊತ್ತಿತ್ತು, ಏನೆಂದು ಗೊತ್ತಿರಲಿಲ್ಲ.

ಕಳೆದ ತಿಂಗಳು ಖಾನಾವಳಿಯಿಂದ ಎದ್ದು ಆ ಊರಿಗೆ ಹೋದೆ. ಹುಲಿಗೆಮ್ಮ ಈಗ ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಮೂವತ್ತು ದಾಟಿದೆ, ಎರಡು ಮಕ್ಕಳು. ಬಲಗಾಲು ನೆಟ್ಟಗಾಗಿದೆ. ಎಡಗಾಲು ಪೂರ್ತಿ ಆಗಿಲ್ಲ. ನಡೆಯುವಾಗ ಆ ಕಡೆ ಸ್ವಲ್ಪ ವಾಲುತ್ತಾಳೆ. ಚಹಾ ಕೊಟ್ಟಳು. ದುರ್ಗವ್ವ ತೀರಿಕೊಂಡು ಎರಡು ವರ್ಷವಾಯಿತೆಂದಳು. ಹೊರಡುವ ಮುಂಚೆ, ದೊರೆಯ ಬಗ್ಗೆ ನಿನಗೇನು ನೆನಪಿದೆ ಎಂದು ಕೇಳಿದೆ.

“ನನಗೇನ್ ನೆನಪೈತ್ರಿ, ಸಣ್ಣಾಕಿದ್ದೆ,” ಎಂದಳು. “ನಮ್ಮವ್ವ ಬೈತಿರಲಿಲ್ಲ ಅವರನ್ನ. ಛಲೋ ಮನಿಶ್ಯಾ ಅಂತಿದ್ಲು.” ಕಪ್ಪು ಬಸಿಗಳನ್ನು ಎತ್ತಿಕೊಂಡು ಬಾಗಿಲ ತನಕ ಹೋಗಿ, ಅಲ್ಲಿಂದಲೇ ತಿರುಗಿ ಹೇಳಿದಳು: “ಒಂದು ವರ್ಷ ತಡಾ ಮಾಡಿದ್ರು ಅಂತಿದ್ಲು.”